ಮಣೂಕ ಉದುರಿದ ಮಂಗಳವಾರ

ದೀಪಾಲಿ ನನ್ನ ಸ್ಟುಡಿಯೊ ಮೆಟ್ಟಿಲು ಮೊದಲ ಸಲ ಹತ್ತಿದ್ದು ಜಗಳಕ್ಕೆ. ಅವಳ ಸೋದರತ್ತೆಯ ಮಗಳ ಮದುವೆಯ ವಿಡಿಯೊ ನಾನು ಮಾಡಿಕೊಟ್ಟಿದ್ದೆ. ಕಾಗವಾಡದಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ, ಬಾರಸೆ, ಗೃಹಪ್ರವೇಶ ಎಲ್ಲ ಹಿಡಿದು ಹಿಡಿದು ಭುಜ ಬಾಗಿಸಿಕೊಂಡವನು ನಾನು. ಅಣ್ಣಾಸಾಬನ ವಿಡಿಯೊ ಎಂದರೆ ಮೀರಜದವರೂ ಹೆಸರು ಹೇಳುತ್ತಾರೆ. ಅಂಥವನ ಎದುರು ಪಿಯುಸಿ ಓದುವ ಹುಡುಗಿಯೊಂದು ಪೆನ್‌ಡ್ರೈವ್ ಹಿಡಿದು ನಿಂತು, ‘ಸಾವಧಾನ’ ಅಂದಾಗ ಅಕ್ಷತೆ ಬೀಳುವುದಕ್ಕೂ ಬ್ಯಾಂಡಿನವರ ಡೋಲು ಬಡಿಯುವುದಕ್ಕೂ ಕೂಡಿಲ್ಲ, ಅಕ್ಷತೆ ಹಿಂದೆ ಬಿದ್ದಿದೆ ಎಂದು ತಕರಾರು ತೆಗೆದಳು. ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ನೀನೇ ಕೂಡಿಸು ಎಂದು ಕುರ್ಚಿ ಬಿಟ್ಟುಕೊಟ್ಟೆ. ಮೌಸ್ ಹಿಡಿಯುವುದನ್ನೂ ನನ್ನಿಂದಲೇ ಕೇಳಿ ಕಲಿತು, ಅರ್ಧ ತಾಸಿನಲ್ಲಿ ಕೂಡಿಸಿದಳು. ನೋಡಿದೆ. ಅಕ್ಷತೆ ಡೋಲಿನ ಮೇಲೇ ಬಿದ್ದ ಹಾಗಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮರುದಿನದಿಂದ ಕಾಲೇಜು ಬಿಟ್ಟ ಮೇಲೆ ಬಂದು ಕೂಡು ಎಂದೆ.

ಅವಳ ಮನೆ ನನ್ನ ಮನೆಯಿಂದ ಮೂರನೆಯದು. ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್, ಕಾರ್ಖಾನೆ ಶುರುವಾದರೆ ಮನೆಗೆ ಬಂದು ಹೋಗುವ ನೆಂಟ. ತಾಯಿ ಸಾವಿತ್ರೆವ್ವ ದ್ರಾಕ್ಷಿ ತೋಟದ ಕೂಲಿಗೆ ಹೋಗುವ ಹೆಂಗಸರ ಗುಂಪಿನ ಹಿರಿಯಳು. ದ್ರಾಕ್ಷಿ ಬಳ್ಳಿ ಸವರುವ ಚಾಟಣಿಯಿಂದ ಹಿಡಿದು ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುವವರೆಗೆ ಯಾವ ಕೆಲಸಕ್ಕೂ ಮಾಲಕರು ಮೊದಲು ಅವಳನ್ನೇ ಕೇಳುತ್ತಾರೆ, ಉಳಿದ ಹದಿನೆಂಟು ಹೆಂಗಸರನ್ನು ಅವಳು ಕರೆದುಕೊಂಡು ಹೋಗುತ್ತಾಳೆ. ಮಾತು ಕಡಿಮೆ. ಮಗಳಿಗೂ ಅವಳಿಗೂ ಮಾತ್ರ ಎಡೆಬಿಡದ ಮಾತು. ಸಂಜೆ ಚಹಾ ಹೊತ್ತಿಗೆ ಇಬ್ಬರೂ ಕಟ್ಟೆಯ ಮೇಲೆ ಕೂತರೆ ಅವರ ನಗು ನನ್ನ ಸ್ಟುಡಿಯೊದ ತನಕ ಕೇಳುತ್ತಿತ್ತು. ಊರಲ್ಲಿ ಹೆಣ್ಣುಮಗಳು ಹರೆಯಕ್ಕೆ ಬಂದ ಮೇಲೆ ತಾಯಿಯ ಜೊತೆ ಹೀಗೆ ನಗುವುದು ನಾನು ಬಹಳ ಕಡೆ ನೋಡಿಲ್ಲ.

ದೀಪಾಲಿ ಅಥಣಿಯ ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷಕ್ಕೆ ಬಂದಾಗ, ಈಗ ಒಂದು ವರ್ಷದ ಹಿಂದೆ, ಕೊಲ್ಲಾಪುರದ ಒಂದು ಸಂಸ್ಥೆ ವಿದ್ಯಾರ್ಥಿಗಳಿಗೆ ಮ್ಯೂಸಿಕ್ ವಿಡಿಯೊ ಸ್ಪರ್ಧೆ ಇಟ್ಟಿತು. ಹಾಡು ವಿದ್ಯಾರ್ಥಿಗಳದೇ ಇರಬೇಕು, ವಿಡಿಯೊ ಅವರೇ ಮಾಡಬೇಕು. ಗೆದ್ದ ವಿಡಿಯೊದ ನಿರ್ದೇಶಕರಿಗೆ ಪುಣೆಯಲ್ಲಿ ಒಂದು ವರ್ಷ ಎಡಿಟಿಂಗ್ ಕೋರ್ಸು, ಇರುವುದು ಉಣ್ಣುವುದು ಎಲ್ಲ ಖರ್ಚು ಸಂಸ್ಥೆಯದೇ. ನಿರ್ದೇಶಕರೆಂದು ಒಬ್ಬರ ಹೆಸರು ಮಾತ್ರ ಬರೆಯಬೇಕು, ಇಬ್ಬರದಲ್ಲ. ಆ ಕಾಗದವನ್ನು ದೀಪಾಲಿ ನನ್ನ ಕಂಪ್ಯೂಟರಿನ ಮೇಲೆ ಅಂಟಿಸಿದಳು. ನನ್ನ ಹತ್ತಿರ ಕಲಿಯುವುದು ಮುಗಿದಿದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಈ ಊರಿನಿಂದ ಅವಳನ್ನು ಆಚೆ ದಾಟಿಸುವ ಬಾಗಿಲು ಅದೊಂದೇ ಇತ್ತು.

ಹಾಡು ಅವಳ ಜೊತೆ ಓದುವ ಅಮಿತನದು. ಅಮಿತ ನಮ್ಮೂರಿನ ವಿರುಪಾಕ್ಷಪ್ಪನ ಮಗ. ವಿರುಪಾಕ್ಷಪ್ಪ ಎಂದರೆ ಒಂಬತ್ತು ಎಕರೆ ದ್ರಾಕ್ಷಿ, ಹೊಳೆ ಕಡೆ ಕಬ್ಬು, ಊರ ಹೊರಗೆ ಎರಡು ಮಣೂಕ ಶೆಡ್ಡು. ಹುಡುಗ ಲ್ಯಾಪ್‌ಟಾಪಿನಲ್ಲಿ ಹಲಗಿ ವಾದ್ಯದ ಪೆಟ್ಟನ್ನು ಕತ್ತರಿಸಿ, ಅದಕ್ಕೆ ಯಂತ್ರದ ಗುಯ್‌ಗುಡುವಿಕೆ ಸೇರಿಸಿ ಕುಣಿತದ ಒಂದು ಟ್ರ್ಯಾಕ್ ಮಾಡಿದ್ದ. ಮಾತಿಲ್ಲ, ಸಾಹಿತ್ಯವಿಲ್ಲ. ನನಗೆ ಮೊದಲು ಹಿಟ್ಟಿನ ಗಿರಣಿಯ ಬೆಲ್ಟು ಹರಿಯುವ ಸಪ್ಪಳ ಕೇಳಿದ ಹಾಗಾಯಿತು. ಹೇಳಿಯೂ ಬಿಟ್ಟೆ. ಇಬ್ಬರೂ ನಕ್ಕರು. ಆಮೇಲೆ ದೀಪಾಲಿ ನನಗೆ ತಿಳಿಸಿ ಹೇಳಿದಳು. ಇಂಥ ಹಾಡಿನಲ್ಲಿ ತಾಳ ಏರುತ್ತಾ ಏರುತ್ತಾ ಹೋಗಿ, ತುತ್ತತುದಿಯಲ್ಲಿ ಒಂದು ಕ್ಷಣ ಎಲ್ಲ ನಿಂತುಬಿಡುತ್ತದೆ. ಆಮೇಲೆ ಒಮ್ಮೆಲೇ ಎಲ್ಲ ವಾದ್ಯವೂ ಕುಸಿದು ಬೀಳುತ್ತದೆ. ಅದಕ್ಕೆ ಡ್ರಾಪ್ ಎನ್ನುತ್ತಾರೆ. ಕುಣಿಯುವವರು ಕಾಯುವುದೆಲ್ಲ ಆ ಬೀಳುವಿಕೆಗೆ.

ಅದನ್ನು ಹೇಳುತ್ತಿದ್ದವಳು ನಡುವೆಯೇ ಸುಮ್ಮನಾದಳು. ಆಮೇಲೆ ಮೆಲ್ಲಗೆ, ಮಣೂಕ ಜಾಡಿಸೂದು ಎಂದಳು.

ನೋಡದವರಿಗಾಗಿ ಹೇಳುತ್ತೇನೆ. ಮಣೂಕ ಶೆಡ್ಡೆಂದರೆ ಗೋಡೆಯಿಲ್ಲದ ಉದ್ದನೆಯ ಚಪ್ಪರ. ಒಳಗೆ ಒಂದರ ಮೇಲೊಂದು ಹನ್ನೊಂದು ಅಂತಸ್ತು ಜಾಳಿ, ಅಂದರೆ ಬಲೆ, ಕಟ್ಟಿರುತ್ತಾರೆ. ಔಷಧದ ನೀರಲ್ಲಿ ಅದ್ದಿದ ದ್ರಾಕ್ಷಿಗೊಂಚಲನ್ನು ಅದರ ಮೇಲೆ ಹರವುತ್ತಾರೆ. ಹದಿನೈದು ದಿನ ಗಾಳಿಗೆ ಒಣಗಿದ ಮೇಲೆ ಹೆಂಗಸರು ಎರಡೂ ಬದಿಗೆ ನಿಂತು ಜಾಳಿ ಜಾಡಿಸುತ್ತಾರೆ. ಆಗ ಹಸಿರು ಬಂಗಾರದ ಬಣ್ಣದ ಮಣೂಕ ಮೇಲಿನಂತಸ್ತಿನಿಂದ ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ಸುರಿದು ತಾಡಪತ್ರಿಯ ಮೇಲೆ ಬೀಳುತ್ತದೆ. ಒಂದು ಸಲ ಉದುರಿತೆಂದರೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ. ಅಷ್ಟು ವರ್ಷ ನಾನು ಆ ಶೆಡ್ಡುಗಳ ಮುಂದೆ ಓಡಾಡಿದ್ದೇನೆ, ಅದು ನೋಡುವ ವಸ್ತು ಎಂದು ನನಗೆ ಹೊಳೆದಿರಲಿಲ್ಲ. ನನ್ನ ತಲೆಯೆಲ್ಲ ಡ್ರೋನು, ಹೊಗೆ, ಮದುಮಕ್ಕಳ ಸುತ್ತ ಸುತ್ತುವ ಲೈಟು. ಥೂ ಅನ್ನಿಸಿತು.

ಮುಂದಿನ ಒಂದೂವರೆ ತಿಂಗಳು ಅವಳು ಹೇಗೆ ಯೋಜನೆ ಮಾಡಿದಳೆಂದು ನಾನು ಕಣ್ಣಾರೆ ಕಂಡೆ. ಮೂರು ನಿಮಿಷ ನಲವತ್ತು ಸೆಕೆಂಡಿನ ಹಾಡನ್ನು ಎಂಟೆಂಟು ಪೆಟ್ಟಿನ ಸುತ್ತುಗಳಾಗಿ ಮುರಿದು ಇನ್ನೂರು ಪುಟದ ನೋಟಬುಕ್ಕಿನಲ್ಲಿ ಒಂದು ಸುತ್ತಿಗೆ ಒಂದು ಚಿತ್ರ ಬರೆದಳು. ಗೊಂಚಲು ಕತ್ತರಿಸುವ ಕತ್ತರಿ, ಕ್ರೇಟು ಕೈಯಿಂದ ಕೈಗೆ ದಾಟುವುದು, ಜಾಳಿ ಎಳೆದು ಬಿಗಿಯುವುದು, ಎಲ್ಲ ಕೆಲಸವೂ ತಾಳಕ್ಕೆ. ಅಮಿತನಿಗೆ ಕೊಲ್ಲಾಪುರದಿಂದ ಮಿಂಚುವ ಬಟ್ಟೆಯ ಡಾನ್ಸರುಗಳನ್ನು ಕರೆಸುವ ಆಸೆ, ಹೊಗೆ ಬಿಡುವ ಆಸೆ. ಹೊಗೆ ಬಿಟ್ಟರೆ ಮಣೂಕ ವಾಸನೆ ಹಿಡಿದು ನಿಮ್ಮಪ್ಪನ ಮಾಲು ಯಾರೂ ಮೂಸುವುದಿಲ್ಲ ಎಂದು ಅವನ ಬಾಯಿ ಮುಚ್ಚಿಸಿದಳು. ಕುಣಿಯುವವರು ಕೆಲಸದ ಹೆಂಗಸರೇ, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ ಬಿಗಿದವರೇ. ನಡುವೆ ಅವಳ ತಾಯಿ. ಇದು ಅವಳ ಹಟ.

ಕಷ್ಟವಿದ್ದದ್ದು ಡ್ರಾಪಿನಲ್ಲಿ. ಹೆಂಗಸರು ಜಾಳಿ ಜಾಡಿಸುವುದು ಅವರವರ ಗತಿಗೆ, ಒಬ್ಬಳು ಈಗ, ಒಬ್ಬಳು ಆಗ. ಒಟ್ಟಿಗೆ ಜಾಡಿಸಬೇಕಾದರೆ ಎಣಿಸಬೇಕು. ಎಣಿಸಿದರೆ ಎಲ್ಲರ ಕೈಯೂ ಎಂಟಕ್ಕೇ ಏಳುತ್ತದೆ. ಆದರೆ ಆ ಹಾಡಿನಲ್ಲಿ ಎಂಟಾದ ಮೇಲೆ ಮೌನವಿದೆ, ಬೀಳುವುದು ಆ ಮೌನದ ಆಚೆಗೆ. ದೀಪಾಲಿ ಮನೆಯಲ್ಲಿ ಎರಡು ಮಂಚದ ನಡುವೆ ಹಳೇ ಸೀರೆ ಕಟ್ಟಿ ತಾಯಿಗೆ ತಾಲೀಮು ಕೊಟ್ಟಳು. ನಾಲ್ಕು ಸುತ್ತು ಎಣಿಸು, ಕೊನೆಯ ಎಂಟಕ್ಕೆ ಬಾಯಿ ಮುಚ್ಚು, ಮೂಗಿನಿಂದ ಒಂದು ಉಸಿರು ಪೂರ್ತಿ ಬಿಡು, ಆಮೇಲೆ ಜಾಡಿಸು. ಇದು ಯಾವ ಪುಸ್ತಕದಲ್ಲೂ ಇಲ್ಲ, ಅವಳೇ ಕಂಡುಹಿಡಿದದ್ದು, ನೋಟಬುಕ್ಕಿನಲ್ಲೂ ಬರೆದಿರಲಿಲ್ಲ. ಮೊದಮೊದಲು ಸಾವಿತ್ರೆವ್ವ ನಕ್ಕು ನಕ್ಕು ಕೆಳಗೆ ಕೂಡುತ್ತಿದ್ದಳು. ವಾರದಲ್ಲಿ ಕಲಿತಳು. ಉಳಿದ ಹೆಂಗಸರಿಗೆ ಶೂಟಿಂಗಿನ ಹಿಂದಿನ ದಿನ ಹೇಳಿಕೊಟ್ಟರಾಯಿತು ಎಂದು ಮಾತಾಗಿತ್ತು.

ಒಂದು ದಿನ ಅಮಿತ ನನ್ನ ಸ್ಟುಡಿಯೊದಲ್ಲಿ ಕೂತು ನಮ್ಮ ಮನೆಯ ಅವಲಕ್ಕಿ ತಿನ್ನುತ್ತಾ, ಡೈರೆಕ್ಷನ್ ದೀಪಾಲಿಯದು, ತನ್ನದು ಬರೀ ಮ್ಯೂಸಿಕ್ ಎಂದು ನಾನು ಕೇಳದಿದ್ದರೂ ಹೇಳಿದ. ನೋಟಬುಕ್ಕಿನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. ಅಪ್ಪನಿಗೆ ತೋರಿಸಿ ಶೆಡ್ಡಿಗೆ ಒಪ್ಪಿಗೆ ತೆಗೆದುಕೊಳ್ಳುತ್ತೇನೆ ಎಂದ. ಒಳ್ಳೆಯ ಹುಡುಗ ಎಂದುಕೊಂಡೆ. ಅವಳ ಮುಂದೆ ಹೇಳಿಯೂ ಹೇಳಿದೆ.

ಏಪ್ರಿಲ್ ಬಂತು. ಊರಿನ ಉಳಿದ ಶೆಡ್ಡುಗಳೆಲ್ಲ ಖಾಲಿಯಾಗಿ, ವಿರುಪಾಕ್ಷಪ್ಪನ ದೊಡ್ಡ ಶೆಡ್ಡಿನ ಕೊನೆಯ ಮಾಲು ಮಾತ್ರ ಜಾಳಿಯ ಮೇಲಿತ್ತು. ಯಾವ ದಿನ ಒಣಗುತ್ತದೆಂದು ಹವೆ ಹೇಳಬೇಕು. ಮಾಲಕರೂ ಕೊನೆಗೆ ಕೇಳುವುದು ಸಾವಿತ್ರೆವ್ವನ ಬೆರಳನ್ನೇ. ಅವಳು ಒಂದು ಹಣ್ಣು ಹಿಚುಕಿ ನೋಡಿ ಇನ್ನೂ ಹಸಿ ಎಂದರೆ ಹಸಿ, ಆಯಿತು ಎಂದರೆ ಆಯಿತು. ಆ ದಿನಗಳಲ್ಲಿ ದೀಪಾಲಿಗೆ ಅಥಣಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆದಿತ್ತು. ದಿನಾ ಸಂಜೆ ಬಸ್ಸಿಳಿದವಳೇ ತಾಯಿಯನ್ನು ಕೇಳುತ್ತಿದ್ದಳು. ಸೋಮವಾರ ಸಂಜೆ ನಾನೂ ಅಲ್ಲೇ ಕಟ್ಟೆಯ ಹತ್ತಿರ ನಿಂತಿದ್ದೆ. ಸಾವಿತ್ರೆವ್ವ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು.

“ಇನ್ನೂ ಹಸಿ ಐತಿ. ನಾಕ ದಿನಾ ಬೇಕು. ನೀ ನಿಶ್ಚಿಂತ ಪರೀಕ್ಷಾ ಮುಗಿಸ್ಕೊ.”

ದೀಪಾಲಿ ಪರೀಕ್ಷೆ ಬರೆಯಲು ಹೋದಳು. ಗುರುವಾರ ರಜೆ. ಬೆಳಿಗ್ಗೆ ಬಿಸಿಲು ಎಲ್ಲಿಂದ ಬೀಳುತ್ತದೆ ನೋಡಿ ಕ್ಯಾಮೆರಾ ಜಾಗ ಗುರುತು ಮಾಡೋಣ ಎಂದು ನನ್ನನ್ನು ಎಬ್ಬಿಸಿಕೊಂಡು ಶೆಡ್ಡಿಗೆ ಹೋದಳು. ದೂರದಿಂದಲೇ ಗೊತ್ತಾಯಿತು. ಹನ್ನೊಂದು ಅಂತಸ್ತಿನ ಆಚೆಗೂ ಹೊಲ ಕಾಣುತ್ತಿತ್ತು. ಜಾಳಿ ಖಾಲಿ. ಕೆಳಗೆ ಹೆಂಗಸರು ಸಾಲಾಗಿ ಕೂತು ಮಣೂಕದ ಕಡ್ಡಿ ಆರಿಸುತ್ತಿದ್ದರು. ಶಿವಗಂಗವ್ವ ಎಂಬ ಮುದುಕಿ ಏನೂ ಅರಿಯದೆ, ಮಂಗಳವಾರವೇ ಜಾಡಿಸಿದೆವು, ಮೀರಜದಿಂದ ದೊಡ್ಡ ಕ್ಯಾಮೆರಾದವರು ಬಂದಿದ್ದರು, ನೀನು ಯಾಕೆ ಬರಲಿಲ್ಲ ಎಂದು ಕೇಳಿದಳು. ದೀಪಾಲಿ ತಾಯಿಯ ಮುಂದೆ ಹೋಗಿ ನಿಂತಳು. ಸಾವಿತ್ರೆವ್ವ ಹೇಳಿದ್ದಿಷ್ಟು: ಮಾಲಕರು ಒಮ್ಮಿಂದೊಮ್ಮೆಲೇ ಜಾಡಿಸಿ ಎಂದರು, ಮೋಡ ಬಂದಿತ್ತಂತೆ. ತಾನು ಆಗ ಅಲ್ಲಿರಲಿಲ್ಲ, ಹಿಂದಿನ ಗೋಡೌನಿನಲ್ಲಿ ಪೆಟ್ಟಿಗೆ ತುಂಬಿಸುತ್ತಿದ್ದೆ. ಪರೀಕ್ಷೆ ಕೆಡುತ್ತದೆಂದು ಮನೆಯಲ್ಲಿ ಹೇಳಲಿಲ್ಲ. ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಮಗಳೇ ತಾಯಿಯ ಬೆನ್ನು ಸವರಿ, ನಿನ್ನದೇನು ತಪ್ಪು ಬಿಡು ಎಂದು ಸಮಾಧಾನ ಮಾಡಿದಳು.

ಅಮಿತನಿಗೆ ಫೋನು ಮಾಡಿದಳು. ಆರು ಸಲ ಎತ್ತಲಿಲ್ಲ. ಏಳನೆಯ ಸಲ ಎತ್ತಿ, ಅಪ್ಪ ಅವಸರ ಮಾಡಿದರು, ಮೀರಜದವರಿಗೆ ಆ ದಿನವೇ ಬಿಡುವಿತ್ತು, ನಿನ್ನ ಹೆಸರು ಥ್ಯಾಂಕ್ಸ್‌ನಲ್ಲಿ ಹಾಕುತ್ತೇನೆ ಎಂದು ಗಡಬಡಿಸಿ ಇಟ್ಟುಬಿಟ್ಟ. ಥ್ಯಾಂಕ್ಸಂತೆ! ಅವಲಕ್ಕಿ ತಿಂದ ಬಾಯಿ.

ನಾನು ಆಗಲೇ ವಿರುಪಾಕ್ಷಪ್ಪನ ಮನೆಗೆ ಹೋಗಿ ಕೇಳಬೇಕಿತ್ತು. ಹೋಗಲಿಲ್ಲ. ಅವರ ಅಣ್ಣನ ಮಗಳ ಮದುವೆ ಮೇ ತಿಂಗಳಲ್ಲಿತ್ತು, ಐದು ದಿನದ ಶೂಟಿಂಗು ನನಗೆ ಹೇಳಿದ್ದರು. ನಾಳೆ ಹೋದರಾಯಿತು ಎಂದುಕೊಂಡೆ, ಆ ನಾಳೆ ಬರಲೇ ಇಲ್ಲ. ಅಮಿತನನ್ನು ಬಯ್ಯುವಾಗಲೆಲ್ಲ ನನಗೆ ಇದು ನೆನಪಾಗಿ ದನಿ ತಗ್ಗುತ್ತದೆ. ದೀಪಾಲಿ ನನ್ನನ್ನು ಹೋಗಿ ಕೇಳಿ ಎನ್ನಲೂ ಇಲ್ಲ. ಆದರೂ ಅವಳು ಆಸೆ ಬಿಟ್ಟಿರಲಿಲ್ಲ. ಮೀರಜದವರಿಗೆ ಡ್ರಾಪ್ ಕೂಡಿರುವುದಿಲ್ಲ ಕಾಕಾ, ಉಸಿರಿನ ಎಣಿಕೆ ನನ್ನನ್ನೂ ಅವ್ವನನ್ನೂ ಬಿಟ್ಟು ಯಾರಿಗೂ ಗೊತ್ತಿಲ್ಲ ಎನ್ನುತ್ತಿದ್ದಳು. ಡ್ರಾಪ್ ಕೂಡದಿದ್ದರೆ ಅಮಿತ ವಿಡಿಯೊ ಕಳಿಸಲಾರ, ಕೊನೆಗೆ ತನ್ನ ಹತ್ತಿರವೇ ಬರಬೇಕು ಎಂದು ಅವಳ ಲೆಕ್ಕ. ನಮ್ಮ ಹಿತ್ತಲ ಚಪ್ಪರಕ್ಕೆ ಮೂರು ಜಾಳಿ ಕಟ್ಟಿ ಕಡಿಮೆ ಮಣೂಕದಲ್ಲೇ ಮತ್ತೆ ಹಿಡಿಯುವ ಉಪಾಯವನ್ನೂ ಬರೆದಿಟ್ಟಿದ್ದಳು.

ಅಮಿತ ಬರಲಿಲ್ಲ. ಮೇ ಮೊದಲ ವಾರ ಒಂದು ಸಂಜೆ ಕೊಲ್ಲಾಪುರದವರು ಫಲಿತಾಂಶವನ್ನೂ ಗೆದ್ದ ವಿಡಿಯೊವನ್ನೂ ಒಟ್ಟಿಗೇ ಹಾಕಿದರು. ಗೆದ್ದ ನಿರ್ದೇಶಕ, ಅಮಿತ ವಿರುಪಾಕ್ಷಪ್ಪ.

ಸ್ಟುಡಿಯೊದ ದೊಡ್ಡ ಪರದೆಯ ಮೇಲೆ ನಾವಿಬ್ಬರೂ ನೋಡಿದೆವು. ಕತ್ತರಿ, ಕ್ರೇಟು, ಜಾಳಿ ಬಿಗಿಯುವುದು. ಅವಳ ನೋಟಬುಕ್ಕಿನ ಪುಟಗಳು ಒಂದೊಂದಾಗಿ ಮಗುಚಿದ ಹಾಗೆ ಬರುತ್ತಿದ್ದವು. ದೀಪಾಲಿ ಕೈ ಕಟ್ಟಿಕೊಂಡು ನಿಂತಿದ್ದಳು. ತಾಳ ಏರಿತು, ನಿಂತಿತು. ಆಮೇಲೆ ಹಲಗಿಯ ಪೆಟ್ಟಿನ ಜೊತೆಗೇ ಹನ್ನೊಂದು ಅಂತಸ್ತಿನ ಮಣೂಕ ಒಂದೇ ಸಲ ಕೆಳಗಿಳಿಯಿತು. ಕೂದಲೆಳೆಯಷ್ಟೂ ಹಿಂದೆ ಮುಂದೆ ಇರಲಿಲ್ಲ. ಸುಳ್ಳೇಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು.

ದೀಪಾಲಿ ಮುಂದೆ ಬಾಗಿ ವಿಡಿಯೊ ಹಿಂದಕ್ಕೆ ಎಳೆದಳು. ನಿಧಾನ ಮಾಡಿ ಮತ್ತೆ ಬಿಟ್ಟಳು. ಸಾಲಿನ ಕೊನೆಯಲ್ಲಿ, ಅರ್ಧ ಕಂಬದ ಮರೆಯಲ್ಲಿ ಒಬ್ಬ ಹೆಂಗಸು ಉಳಿದವರ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ತುಟಿ ಆಡುತ್ತಿತ್ತು. ಆರು, ಏಳು, ಎಂಟು. ಬಾಯಿ ಮುಚ್ಚಿತು. ಎದೆ ಇಳಿಯುವಂತೆ ಒಂದು ಉಸಿರು ಬಿಟ್ಟು, ಆಮೇಲೆ ಕೈ ಎತ್ತಿದಳು. ಉಳಿದ ಹದಿನೆಂಟು ಜನರ ಕೈ ಅವಳ ಕೈಯ ಜೊತೆ ಎದ್ದವು.

ಸಾವಿತ್ರೆವ್ವ ಅದೇ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತದ್ದು ದೈವದ ಆಟವೇನಲ್ಲ, ದಿನಾ ಆ ಹೊತ್ತಿಗೆ ಮಗಳನ್ನು ಊಟಕ್ಕೆ ಕರೆಯಲು ಬರುತ್ತಿದ್ದಳು. ಪರದೆಯ ಮೇಲೆ ತನ್ನ ಮುಖ ನೋಡಿ ಹೊಸ್ತಿಲ ಮೇಲೇ ನಿಂತಳು. ದೀಪಾಲಿ ತಿರುಗಿ ಕೂಗಾಡಲಿಲ್ಲ. ಗೋಡೌನಿನಲ್ಲಿದ್ದೆ ಎಂದಿದ್ದೆಯಲ್ಲ ಎಂದು ಮಾತ್ರ ಕೇಳಿದಳು.

ಆಗ ಎಲ್ಲ ಹೊರಗೆ ಬಂತು. ಭಾನುವಾರ ವಿರುಪಾಕ್ಷಪ್ಪನ ಹೆಂಡತಿ ಸಕ್ಕುಬಾಯಿ ಸಾವಿತ್ರೆವ್ವನನ್ನು ಮನೆಗೆ ಕರೆಸಿದ್ದಳಂತೆ. ಚಹಾ ಕೊಟ್ಟಳಂತೆ. ನಿನ್ನ ಮಗಳು ನಮ್ಮ ಶೆಡ್ಡಿನಲ್ಲಿ ನಿಂತು ನನ್ನ ಗಂಡನಿಗೆ, ನನ್ನ ಮಗನಿಗೆ ಇಲ್ಲಿ ನಿಲ್ಲಿ, ಅಲ್ಲಿ ಸರಿಯಿರಿ ಎಂದು ಹುಕುಂ ಮಾಡಿದರೆ ಊರವರು ಏನೆಂದಾರು, ನೀನೇ ಹೇಳು ಎಂದಳಂತೆ. ಮಂಗಳವಾರಕ್ಕೆ ಮಾಲು ಆಗುತ್ತದೆ, ಮಗಳಿಗೆ ಮಾತ್ರ ಹಸಿ ಎನ್ನು ಎಂದಳಂತೆ. ಬೆದರಿಸಲಿಲ್ಲ. ಬೆದರಿಸುವ ಅಗತ್ಯ ಅವಳಿಗೆ ಇರಲಿಲ್ಲ.

“ನಾಳಿ ಆ ಶೆಡ್ಡಿಗೆ ನಾ ಯಾವ ಮಾರಿ ಹೊತ್ಕೊಂಡ ಹೋಗ್ಲಿ ಯವ್ವಾ? ನನ್ನ ಬೆನ್ನಿಗಿ ಹದಿನೆಂಟ ಮಂದಿ ಅದಾರ. ಅದಕ್ಕ ಹೂಂ ಅಂದೆ.”

ದೀಪಾಲಿ ಅದನ್ನು ನುಂಗಿಕೊಂಡಳು. ನುಂಗಿದ್ದು ನನಗೆ ಕಂಡಿತು. ಹೊಟ್ಟೆಪಾಡಿನ ಹೆದರಿಕೆ ಅವಳಿಗೆ ಹೊಸದಲ್ಲ. ಸುಳ್ಳು ಯಾಕೆ ಹೇಳಿದೆ ಎಂದು ತಿಳಿಯಿತು, ಆದರೆ ಉಸಿರಿನ ಎಣಿಕೆ ಯಾಕೆ ಕೊಟ್ಟೆ ಎಂದು ಕೇಳಿದಳು. ಅದನ್ನು ಯಾರೂ ಕೇಳಿರಲಿಲ್ಲವಲ್ಲ, ಅದು ನಿನಗೂ ನನಗೂ ಮಾತ್ರ ಗೊತ್ತಿತ್ತಲ್ಲ ಎಂದಳು.

ಸಾವಿತ್ರೆವ್ವನ ಮುಖದಲ್ಲಿ ಮೊದಲ ಸಲ ಸ್ವಲ್ಪ ಬೆಳಕು ಬಂತು. ಇದಕ್ಕಾದರೂ ತನ್ನ ಹತ್ತಿರ ಒಳ್ಳೆಯ ಉತ್ತರವಿದೆ ಎಂಬ ಹಾಗೆ ಒಳಗೆ ಬಂದು ಮಗಳ ಎದುರು ನಿಂತಳು.

“ಜಾಳಿ ಮುಟ್ಟೂಕಿಂತ ಮೊದ್ಲ ಬರಿಗೈಲೆ ತಾಲೀಮ ಮಾಡ್ಸಿದ್ರು. ಐದ ಸಲ ಆದ್ರೂ ಕೂಡ್ಲಿಲ್ಲ. ಕ್ಯಾಮೆರಾದಾಂವ ಸಿಟ್ಟಾದ. ಇದನ್ನ ಯಾರ ಬರದಾರ ಅವರ್ನ ಕರಸ್ರಿ, ಇಲ್ಲಾಂದ್ರ ನಾ ಹೊಂಟೆ ಅಂದ. ಅಮಿತ ಫೋನ್ ತಗದ. ನನಗ ನೋಡಾಕ ಆಗ್ಲಿಲ್ಲ. ಇಷ್ಟ ದಿನ ಕುಂತ ನೀ ಮಾಡಿದ್ದು ಇವರ ಕೈಯಾಗ ಕೆಡಬಾರದಂತ ನಾನ ಮುಂದ ಹೋಗಿ ಎಲ್ಲಾರ್ಗೂ ಹೇಳಿಕೊಟ್ಟೆ.”

ದೀಪಾಲಿ ತಾಯಿಗೆ ಹೇಳಿದಳು.

“ಅಂವ ಫೋನ್ ತಗದಿದ್ದು ನನಗ ಮಾಡಾಕ ಬೇ. ನೀ ಸುಮ್ನ ನಿಂತಿದ್ರ ಅವರು ನನ್ನ ಕರೀತಿದ್ರು.”

ಸಾವಿತ್ರೆವ್ವ ಪರದೆಯ ಮೇಲಿನ ತನ್ನ ಎತ್ತಿದ ಕೈಯ ಕಡೆ ತಿರುಗಿದಳು. ಒಂದು ತಿಂಗಳಿಂದ ಆ ಮಾತು ಅವಳಿಗೆ ಒಂದು ಸಲವೂ ಹೊಳೆದಿರಲಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು.